ಏಳನೇ ನಂಬರಿನ ಗಿಡ

ಆಫ್ರಿಕನ್ ವಯೊಲೆಟ್‌ನ ಎಲೆಗೆ ನೀರು ತಾಗಿಸಬಾರದು. ಗಿಡ ಕೊಳ್ಳಲು ಬಂದವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದೇ. ಹೇಳಿದ ಮೇಲೂ ತಾಗಿಸುತ್ತಾರೆ, ಆಮೇಲೆ ಎಲೆಯ ಮೇಲೆ ಬಿಳಿ ಕಲೆ ಬಿತ್ತೆಂದು ನನಗೇ ಫೋನ್ ಮಾಡುತ್ತಾರೆ. ಆ ಎಲೆಯ ಮೇಲೆ ಮಗುವಿನ ಕಿವಿಯ ಮೇಲಿರುವಂಥ ಸಣ್ಣ ರೋಮ ಇರುತ್ತದೆ. ಕುಂಡದ ತಳದಿಂದ ನೂಲಿನ ಬತ್ತಿ ಇಳಿಬಿಟ್ಟು, ಕೆಳಗಿನ ಡಬ್ಬಿಯಿಂದ ಗಿಡ ತಾನಾಗಿ ನೀರು ಕುಡಿಯುವಂತೆ ಮಾಡಬೇಕು. ಧೂಳು ಕೂತರೆ ಮೇಕಪ್ಪಿನ ಮೆತ್ತನೆಯ ಬ್ರಷ್‌ನಿಂದ, ತೊಟ್ಟಿನಿಂದ ತುದಿಯ ಕಡೆಗೆ, ಒಣ ಕೈಯಲ್ಲಿ ಸವರಬೇಕು. ಇದನ್ನೆಲ್ಲ ನನಗೆ ಕಲಿಸಿದ್ದು ನನ್ನ ಗಂಡ.

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಒಳಕೋಣೆಯೇ ನಮ್ಮ ನರ್ಸರಿ. ಮಂಚ ಇರಬೇಕಾದ ಜಾಗದಲ್ಲಿ ಕಬ್ಬಿಣದ ರ‍್ಯಾಕುಗಳು, ಪ್ರತಿ ಹಂತಕ್ಕೂ ಟ್ಯೂಬ್‌ಲೈಟ್, ಗೋಡೆಯಲ್ಲಿ ಎಸಿ. ಹೆಂಡತಿಗೆ ಹಾಕಿಸದ ಎಸಿಯನ್ನು ಗಿಡಕ್ಕೆ ಹಾಕಿಸಿದ ಮಹಾಪುರುಷ ಎಂದು ನಾನು ಅವರನ್ನು ಬಂದವರೆದುರೆಲ್ಲ ಅಣಕಿಸುತ್ತಿದ್ದೆ. ಅವರು ವಾಶಿಯ ಸಗಟು ಮಾರುಕಟ್ಟೆಯ ಬಳಿ ಒಂದು ಉಡುಪಿ ಹೋಟೆಲಿನಲ್ಲಿ ಬಾಳೆಎಲೆ ಊಟದ ಹಾಲ್ ನೋಡಿಕೊಳ್ಳುತ್ತಿದ್ದವರು. ಆಯುಷ್ಯದ ದೊಡ್ಡ ಪಾಲು ಎಲೆ ಹಾಕಿಸುವುದು, ಬಡಿಸಲು ಹೇಳುವುದು, ಎಬ್ಬಿಸುವುದು, ಮತ್ತೆ ಎಲೆ ಹಾಕಿಸುವುದು. ಕೆಲಸ ಬಿಟ್ಟ ಮೇಲೆ ಎಲ್ಲಿಂದಲೋ ಒಂದು ವಯೊಲೆಟ್ ತಂದು ಕಿಟಕಿಯಲ್ಲಿಟ್ಟರು. ಅಲ್ಲಿಂದ ಈ ಹುಚ್ಚು ಹಿಡಿಯಿತು. ಸಸಿ ಮಾಡಿ ಮಾರುವುದು, ಕೊರಿಯರ್‌ಗೆ ಕಟ್ಟುವುದು, ಗಿರಾಕಿಗಳ ಹತ್ತಿರ ಜಗಳಾಡುವುದು ನನ್ನ ಪಾಲಿನ ಕೆಲಸವಾಯಿತು. ಹೂವಿಗೆ ಹೂ ಕೂಡಿಸಿ ಹೊಸ ತಳಿ ಮಾಡುವುದು, ಪ್ರದರ್ಶನಕ್ಕೆ ಗಿಡ ತಯಾರಿಸುವುದು ಅವರದ್ದು.

ಏಳನೇ ನಂಬರಿನ ಗಿಡ ಹಾಗೆ ಹುಟ್ಟಿದ್ದು. ಒಂದು ಹೂವಿನ ಪರಾಗವನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಇನ್ನೊಂದಕ್ಕೆ ಮುಟ್ಟಿಸಿ, ಕಾಯಿ ಕಟ್ಟಿ ಒಣಗುವವರೆಗೆ ತಿಂಗಳುಗಟ್ಟಲೆ ಕಾದು, ಧೂಳಿನಂಥ ಬೀಜವನ್ನು ಅವರು ಪಾರ್ಸೆಲ್ ಡಬ್ಬಿಯೊಂದರಲ್ಲಿ ಉದುರಿಸಿದ್ದರು. ಮೊಳೆತ ಸಸಿಗಳಿಗೆ ನಂಬರ್ ಬರೆದ ಕಡ್ಡಿ ಚುಚ್ಚಿದ್ದರು. ಕೆಲವು ಕೊಳೆತವು, ಉಳಿದವು ಅಪ್ಪ ಅಮ್ಮನ ಹಾಗೇ ಸಾಧಾರಣ ಹೂ ಬಿಟ್ಟವು. ಏಳನೆಯದು ಹೂ ಬಿಟ್ಟ ದಿನ ಅವರು ನನ್ನನ್ನು ಅಡುಗೆಮನೆಯಿಂದ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಬಿಳಿ ದಳ, ಅಂಚಿಗೆ ಸಣ್ಣ ನೆರಿಗೆ, ಆ ನೆರಿಗೆಗೆ ಮಾತ್ರ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ನಾನೂ ಅಂಥದ್ದನ್ನು ನೋಡಿರಲಿಲ್ಲ. ಹೆಸರು ಏನಿಡುತ್ತೀರಿ ಎಂದು ಕೇಳಿದೆ. ಮನಸ್ಸಿನಲ್ಲಿ ಒಂದು ಉಂಟು, ಫಸ್ಟ್ ಪ್ರೈಜ್ ಬರಲಿ, ಆಮೇಲೆ ನಾಮಕರಣ ಎಂದರು. ನಾನು ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ಪ್ರದರ್ಶನಗಳಲ್ಲಿ ಅವರಿಗೆ ಎರಡನೆಯದು, ಮೂರನೆಯದು ಬಂದದ್ದುಂಟು. ಮೊದಲನೆಯದು ಒಮ್ಮೆಯೂ ಬಂದಿರಲಿಲ್ಲ.

ಆಮೇಲೆ ಅವರಿಗೆ ಮರೆವು ಶುರುವಾಯಿತು. ಡಬ್ಬಿಗೆ ನೀರು ತುಂಬಿದ್ದನ್ನು ಮರೆತು ಮತ್ತೆ ತುಂಬುವುದು ಮೊದಲು. ನಾನು ಬೈದೆ. ಒಂದು ಸಂಜೆ ಮೇಲಿನ ಮಹಡಿಯವರ ಬೆಲ್ ಒತ್ತಿ, ಬಾಗಿಲು ತೆಗೆದವರನ್ನು ನೀವು ನಮ್ಮ ಮನೆಯಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಅಂದಿನಿಂದ ಬೈಯುವುದನ್ನು ನಿಲ್ಲಿಸಿದೆ. ಥಾಣೆ ಊರಿನ ಡಾಕ್ಟರು ಮಿದುಳಿನ ಫೋಟೊ ತೆಗೆಸಿ, ಪ್ರಶ್ನೆ ಕೇಳಿ, ಕೊನೆಗೆ ನನ್ನನ್ನು ಒಬ್ಬಳನ್ನೇ ಒಳಗೆ ಕರೆದು, ಹೋದದ್ದು ಮರಳಿ ಬರುವುದಿಲ್ಲ, ಇರುವುದು ನಿಧಾನವಾಗಿ ಹೋಗುತ್ತದೆ ಎಂದರು. ಮನೆಗೆ ಬರುವ ರೈಲಿನಲ್ಲೇ ನಾನು ನಿಶ್ಚಯಿಸಿದೆ. ಇವರಿಗೆ ಇನ್ನೂ ಗೊತ್ತಾಗುತ್ತಿರುವಾಗಲೇ ಏಳನೇ ನಂಬರ್ ಪ್ರದರ್ಶನದ ಮೇಜಿನ ಮೇಲೆ ನಿಲ್ಲಬೇಕು, ಅದರ ಪಕ್ಕ ಮೊದಲ ಬಹುಮಾನದ ರಿಬ್ಬನ್ ಇರಬೇಕು, ಇದು ನನ್ನ ಗಿಡ ಎಂದು ಇವರಿಗೆ ತಿಳಿಯಬೇಕು, ಆ ಹೆಸರನ್ನು ಇವರ ಬಾಯಿಂದ ನಾನು ಕೇಳಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಆದರೆ ಪ್ರದರ್ಶನದ ಗಿಡವನ್ನು ನಾನು ಒಮ್ಮೆಯೂ ತಯಾರಿಸಿದವಳಲ್ಲ. ಮಾರುವ ಗಿಡ ಬದುಕಿದ್ದರೆ ಸಾಕು. ಪ್ರದರ್ಶನದ ಗಿಡ ಮೇಲಿನಿಂದ ನೋಡಿದರೆ ಕಂಪಾಸಿನಲ್ಲಿ ಗೀಚಿದ ಹಾಗೆ ದುಂಡಗಿರಬೇಕು. ಎಲೆಗಳು ಸುತ್ತುಸುತ್ತಾಗಿ ಕೂರಬೇಕು, ಎಲ್ಲೂ ಸಂದು ಬಿಡಬಾರದು, ಒಂದರ ಮೇಲೊಂದು ಏರಬಾರದು. ಒಂದೇ ನೆತ್ತಿ ಇರಬೇಕು. ಎಲೆಯ ಕಂಕುಳಲ್ಲಿ ಮರಿ ಮೊಳಕೆ ಬಂದರೆ ಅದನ್ನು ಆಗಲೇ ತೆಗೆಯಬೇಕು, ಇಲ್ಲದಿದ್ದರೆ ಗಿಡ ಸೊಟ್ಟಗಾಗುತ್ತದೆ. ಮೊಗ್ಗಿಗೂ ಮರಿಗೂ ಶುರುವಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನಾನು ಕನ್ನಡಕ ಹಾಕಿ ಬಗ್ಗಿ ನೋಡುತ್ತಿದ್ದರೆ ಅವರು ಹಿಂದಿನಿಂದ ಬಂದು ಪೆನ್ಸಿಲಿನ ತುದಿಯಿಂದ ಸರಿಯಾಗಿ ಮರಿಯನ್ನೇ ಎಬ್ಬಿಸಿ ತೆಗೆಯುತ್ತಿದ್ದರು. ಅದೇ ಬೆಳಿಗ್ಗೆ ಫೋನ್ ಮಾಡಿದ ಮಗಳನ್ನು ತಮ್ಮ ತಂಗಿಯ ಹೆಸರಿನಿಂದ ಕರೆದಿರುತ್ತಿದ್ದರು. ಕೆಲವು ದಿನ ನನಗೆ ಪಾಠ ಮಾಡುತ್ತಿದ್ದರು, ಕೆಲವು ದಿನ ಇಷ್ಟೊಂದು ಗಿಡ ಯಾರದ್ದು, ಬಾಡಿಗೆ ಕೊಡುತ್ತಾರಾ ಎಂದು ಕೇಳುತ್ತಿದ್ದರು. ಸಿಕ್ಕಿದ ದಿನ ಸಿಕ್ಕಿದಷ್ಟು ಕಲಿತೆ.

ದಿನಕ್ಕೆ ಕಾಲು ಸುತ್ತಿನಂತೆ ಕುಂಡ ತಿರುಗಿಸಿದೆ. ಕೆಳಗಿನ ಎಲೆಗಳು ಜೋಲಬಾರದೆಂದು ಪಾರ್ಸೆಲ್ ಡಬ್ಬಿಯ ಮುಚ್ಚಳ ಕತ್ತರಿಸಿ ಕೊರಳಪಟ್ಟಿಯ ಹಾಗೆ ಕೆಳಗೆ ಕೊಟ್ಟೆ. ಎಲ್ಲಕ್ಕಿಂತ ಕಷ್ಟದ್ದು ಮೊಗ್ಗು ಚಿವುಟುವುದು. ಪ್ರದರ್ಶನಕ್ಕೆ ಎರಡು ತಿಂಗಳಿರುವವರೆಗೂ ಬಂದ ಮೊಗ್ಗನ್ನೆಲ್ಲ ತೆಗೆಯುತ್ತಲೇ ಇರಬೇಕು. ಆಗ ಗಿಡ ಬಲವನ್ನೆಲ್ಲ ಎಲೆಗೆ ಹಾಕುತ್ತದೆ, ಬಿಟ್ಟ ಮೇಲೆ ಒಟ್ಟಿಗೇ ಹೂ ಕೊಡುತ್ತದೆ. ಗೊತ್ತು. ಆದರೂ ಒಂದೊಂದು ಮೊಗ್ಗು ಚಿವುಟುವಾಗಲೂ, ಇವರು ನೋಡಬಹುದಾಗಿದ್ದ ಹೂವನ್ನು ನಾನೇ ಕಿತ್ತು ಕಸದ ಬುಟ್ಟಿಗೆ ಹಾಕುತ್ತಿದ್ದೇನೆ ಅನ್ನಿಸುತ್ತಿತ್ತು. ಒಂದು ದಿನ ಚಿವುಟದೆ ಬಿಟ್ಟುಬಿಟ್ಟೆ. ಅವರೇ ಬಂದು ನೋಡಿ, ಇದೆಂತ ಕೆಲಸ ಮಾರಾಯ್ತಿ, ಮನಸ್ಸು ಗಟ್ಟಿ ಮಾಡು ಎಂದು ತಾವೇ ಚಿವುಟಿದರು.

ಈ ಊರಿನಲ್ಲಿ ವಯೊಲೆಟ್ ಬೆಳೆಸುವವರಿಗೆ ಶುಕ್ರವಾರ ಶತ್ರು. ರಿಪೇರಿಯೆಂದು ಕರೆಂಟ್ ತೆಗೆಯುತ್ತಾರೆ, ಎಸಿ ನಿಲ್ಲುತ್ತದೆ, ಕೋಣೆ ಹಬೆಯಾಡುತ್ತದೆ. ಅಕ್ಟೋಬರಿನ ಒಂದು ಶುಕ್ರವಾರ ಹೋದ ಕರೆಂಟ್ ಕತ್ತಲಾದರೂ ಬರಲಿಲ್ಲ. ಥರ್ಮೋಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆ ಇಟ್ಟು, ಪಕ್ಕದಲ್ಲಿ ಏಳನೆಯದನ್ನು ಇಟ್ಟು, ಬೀಸಣಿಗೆಯಲ್ಲಿ ಗಾಳಿ ಹಾಕುತ್ತ ಕೂತೆ. ಮಾರುವ ಗಿಡಗಳು ಎಷ್ಟೋ ಕೊಳೆತವು, ಇದು ಉಳಿಯಿತು. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಸ್ಟೇಷನ್ ಹತ್ತಿರ ಮಲ್ಲಿಗೆ ದಂಡೆ ಕೊಂಡು ಮುಡಿದು ಬಂದಿದ್ದೆ. ಕೆಲವೇ ದಿನಗಳಲ್ಲಿ ರ‍್ಯಾಕಿನ ಹೂಗಳ ದಳದ ಮೇಲೆ ಹಳದಿ ಪುಡಿ ಚೆಲ್ಲತೊಡಗಿತು. ಪರಾಗ ತಿನ್ನುವ ಹುಳ. ಕಣ್ಣಿಗೆ ಕಾಣದಷ್ಟು ಸಣ್ಣದು, ಕೊಂಡ ಹೂವಿನಲ್ಲೇ ಮನೆಗೆ ಬರುತ್ತದೆ. ರ‍್ಯಾಕಿನ ಎಲ್ಲ ಗಿಡಗಳ ಎಲ್ಲ ಹೂಗಳನ್ನೂ ಕಿತ್ತು ಚೀಲ ಕಟ್ಟಿ ಎಸೆದು ಔಷಧಿ ಹೊಡೆದೆ. ಏಳನೆಯದರಲ್ಲಿ ಆಗ ಹೂವಿರಲಿಲ್ಲವಾದ್ದರಿಂದ ಬಚಾವಾಯಿತು. ಅಂದಿನಿಂದ ನಾನು ಹೂ ಮುಡಿಯುವುದು ಬಿಟ್ಟೆ. ಹೂವಿಲ್ಲದ ತಲೆ ನೋಡಿ ಕೆಳಗಿನ ಮನೆಯವರು ಏನೇನೋ ಯೋಚಿಸಿ, ಅಂಕಲ್ ಆರಾಮಿದ್ದಾರಾ ಎಂದು ದಿನಾ ಕೇಳತೊಡಗಿದರು.

ಡಿಸೆಂಬರಿನಲ್ಲಿ ಚಿವುಟುವುದು ನಿಲ್ಲಿಸಿದೆ. ತಂಪು ಬಿದ್ದಿತ್ತು. ಎಲೆಗಳ ಸಂದಿನಿಂದ ಮೊಗ್ಗಿನ ಕಡ್ಡಿಗಳು ನಾನು ಮುಂದೆ ತಾನು ಮುಂದೆ ಎಂದು ಎದ್ದವು. ಪ್ರದರ್ಶನದ ವಾರದಲ್ಲಿ ನೆತ್ತಿಯ ಸುತ್ತ ಹೂವಿನ ಕಿರೀಟವೇ ನಿಂತಿತು. ಹಿಂದಿನ ದಿನ ಬೆಳಿಗ್ಗೆ ಅವರು ಚಹಾ ಲೋಟ ಹಿಡಿದುಕೊಂಡು ಕೋಣೆಗೆ ಬಂದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಏಳು ಅಲ್ವಾ ಇದು?" ಎಂದರು.

ನಾನು ಹೌದೆಂದೆ. ಘನ್ಸೋಲಿಯಲ್ಲಿರುವ ಮಗಳು ಆ ದಿನವಿಡೀ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಮಮ್ಮಿ, ಪಪ್ಪಾ ಕೋ ಮೇರೆ ಪಾಸ್ ಛೋಡ್ ದೋ. ರಾಸ್ತೇ ಮೇ ಹೀ ತೋ ಹೈ. ಭೀಡ್ ಮೇ ಘಬರಾ ಜಾಯೇಂಗೆ." ಜನಜಂಗುಳಿಯಲ್ಲಿ ಅಪ್ಪ ಗಾಬರಿಯಾಗುತ್ತಾರೆ, ದಾರಿಯಲ್ಲೇ ನನ್ನ ಮನೆ, ಬಿಟ್ಟು ಹೋಗು ಎಂದು. ಅವಳು ಹೇಳಿದ್ದು ತಪ್ಪಲ್ಲ. ಆದರೆ ಆ ಬೆಳಿಗ್ಗೆ ಅವರು ಏಳನ್ನು ಗುರುತಿಸಿದ್ದರು. ಗಿಡ ಮಾತ್ರ ಹೋಗಿ ಬಹುಮಾನ ತಂದರೆ ನನಗೇನು ಬಂತು? ಕರೆದುಕೊಂಡೇ ಹೋಗುತ್ತೇನೆ ಎಂದೆ. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಪ್ರದರ್ಶನ ವಾಶಿಯ ಒಂದು ಹಾಲಿನಲ್ಲಿತ್ತು. ರಟ್ಟಿನ ಡಬ್ಬಿಯೊಳಗೆ ಇನ್ನೊಂದು ರಟ್ಟು ಕೂರಿಸಿ, ನಡುವೆ ಕುಂಡ ಕಚ್ಚಿ ಹಿಡಿಯುವಷ್ಟು ತೂತು ಕೊರೆದು, ಎಲೆಯ ತುದಿ ಎಲ್ಲೂ ತಾಗದಂತೆ ಗಿಡ ಇಳಿಸಿದೆ. ಕಾರಿನ ಡ್ರೈವರು ವಿಜಯಪುರದ ಕಡೆಯವನು, ನಮ್ಮ ಸಸಿಗಳ ಪೆಟ್ಟಿಗೆಗಳನ್ನು ಆಗಾಗ ಒಯ್ಯುವವನು. ಶಿಳ್‌ಫಾಟಾ ರಸ್ತೆಯ ಹೊಂಡಗಳಲ್ಲಿ ಅವನು ಎಷ್ಟು ನಿಧಾನ ಓಡಿಸಿದನೆಂದರೆ ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರು. "ದಿನ ತುಂಬಿದ ಬಸುರಿನ್ನ ಕರ್ಕೊಂಡ್ ಹೊಂಟಂಗ ಹೊಂಟೀನಿ ನೋಡ್ರಿ ಅಕ್ಕಾ" ಎಂದ. ನನ್ನ ಗಂಡ ಡಬ್ಬಿಯ ಪಕ್ಕದಲ್ಲಿ ಕೂತಿದ್ದರು. ವಾಶಿ ಬಂತು. ಮಾರುಕಟ್ಟೆಯ ಲಾರಿಗಳು, ಈರುಳ್ಳಿಯ ವಾಸನೆ. ಅವರು ನೆಟ್ಟಗೆ ಕೂತು ಅಂಗಿಯ ತೋಳು ಮಡಚತೊಡಗಿದರು. ಎಂದೋ ಬಿಟ್ಟ ದಾರಿ ಗುರುತು ಸಿಕ್ಕಿತಲ್ಲ ಎಂದು ನನಗೆ ಖುಷಿಯೇ ಆಯಿತು.

ಹಾಲಿನಲ್ಲಿ ಉದ್ದುದ್ದ ಮೇಜುಗಳನ್ನು ಸಾಲಾಗಿ ಹಾಕಿ, ಮೇಲೆ ಬಿಳಿ ಕಾಗದ ಹಾಸಿದ್ದರು. ಮೇಜುಗಳ ನಡುವೆ ಜನ ಓಡಾಡುವಷ್ಟು ದಾರಿ. ನಮ್ಮದು ಹೊಸ ತಳಿಗಳ ವಿಭಾಗ, ಬಾಗಿಲ ಹತ್ತಿರದ ಮೊದಲ ಸಾಲು. ಡಬ್ಬಿಯಿಂದ ಗಿಡ ಎತ್ತಿ, ಕೊರಳಪಟ್ಟಿ ತೆಗೆದು, ಕುಂಡ ಒರೆಸಿ, ಬ್ರಷ್ ಸವರಿ ಇಟ್ಟೆ. ಆಚೀಚೆಯವರು ಬಂದು ಬಂದು ನೋಡಿದರು. ಪಕ್ಕದ ಕಲ್ಯಾಣ್ ಊರಿನಿಂದ ಬಂದಿದ್ದ ಹಳೆಯ ಪ್ರತಿಸ್ಪರ್ಧಿಯೊಬ್ಬರು, ಅವರಿಗೆ ನಾಲ್ಕು ಸಲ ಮೊದಲ ಬಹುಮಾನ ಬಿಟ್ಟುಕೊಟ್ಟದ್ದು ನಾವೇ, ಬಗ್ಗಿ ನೋಡಿ ನೆಟ್ಟಗಾಗಿ, ಈ ಸಲ ನನಗೆ ಮನೆಗೆ ಹೋಗುವುದೊಂದೇ ಬಾಕಿ ಎಂದರು. ನನ್ನ ಎದೆ ಹಿಗ್ಗಿತು ಎಂದು ಹೇಳಲು ನಾಚಿಕೆ ಏನು?

ಅಷ್ಟರಲ್ಲಿ ಪ್ರದರ್ಶನದ ಮೇಲ್ವಿಚಾರಕಿ ಗಿಡದ ಚೀಟಿ ಬರೆಸಿಕೊಳ್ಳಲು ಕೌಂಟರಿಗೆ ಕರೆದಳು. ನನ್ನ ಗಂಡನನ್ನು ಗಿಡದೆದುರು ಕುರ್ಚಿಯಲ್ಲಿ ಕೂರಿಸಿ, ಇಲ್ಲೇ ಇರಿ ಎಂದು ಹೇಳಿ ಹೋದೆ. ಬೆಳೆಸಿದವರ ಹೆಸರಿನ ಜಾಗದಲ್ಲಿ ಅವರ ಹೆಸರು ಬರೆಸಿದೆ. ತಳಿಯ ಹೆಸರಿನ ಜಾಗದಲ್ಲಿ ಏಳು ಎಂದು ಬರೆಸಿದೆ. ಚೀಟಿ ಹಿಡಿದು ತಿರುಗಿದಾಗ ಅವರು ಕುರ್ಚಿಯಲ್ಲಿರಲಿಲ್ಲ, ಮೇಜಿನೆದುರು ನಿಂತಿದ್ದರು. ಎಡಗೈಯಲ್ಲಿ ನಾನು ಕುಡಿಯಲು ಇಟ್ಟಿದ್ದ ನೀರಿನ ಬಾಟಲಿ. ಬಲಗೈ ಎಲೆಗಳ ಮೇಲೆ ಆಡುತ್ತಿತ್ತು. ಬೆರಳಿನಿಂದ ನೀರು ಚಿಮುಕಿಸುವುದು, ಅಂಗೈಯ ಅಂಚಿನಿಂದ ಒಳಗಿನಿಂದ ಹೊರಕ್ಕೆ ಒರೆಸುವುದು, ಕೈ ಕೊಡವುವುದು. ಮತ್ತೆ ಚಿಮುಕಿಸುವುದು. ಬಾಳೆಎಲೆಯನ್ನು ಊಟಕ್ಕೆ ತಯಾರು ಮಾಡುವ ಕೈ ಅದು. ಸಾಲು ಮೇಜು, ಬಿಳಿ ಕಾಗದ, ಕಾಯುತ್ತಿರುವ ಜನ, ಹೊರಗೆ ವಾಶಿ. ಅವರಿಗೆ ಪಂಕ್ತಿಯ ಹೊತ್ತಾಗಿತ್ತು.

ನಾನು ತಲುಪುವಷ್ಟರಲ್ಲಿ ಗಿಡದ ಸುತ್ತಲೂ ಒರೆಸಿ ಮುಗಿದಿತ್ತು. ಹೊರಸುತ್ತಿನ ಎಲೆಗಳು ತೊಟ್ಟಿನಲ್ಲೇ ಲಟಕ್ಕೆಂದು ಮುರಿದು ನೇತಾಡುತ್ತಿದ್ದವು. ಉಳಿದವುಗಳ ರೋಮ ಒದ್ದೆಯಾಗಿ ಅಂಟಿತ್ತು. ಹೂವಿನ ಕಡ್ಡಿಗಳಲ್ಲಿ ಅರ್ಧದಷ್ಟು ಕಾಗದದ ಮೇಲೆ ಬಿದ್ದಿದ್ದವು, ಅವನ್ನು ಅವರು ಕಸದ ಹಾಗೆ ಒಂದು ಮೂಲೆಗೆ ಅಚ್ಚುಕಟ್ಟಾಗಿ ಸರಿಸಿಟ್ಟಿದ್ದರು. ಕೈ ಪಕ್ಕದವರ ಗಿಡದತ್ತ ಚಾಚುತ್ತಿತ್ತು. ನಾನು ಮಣಿಕಟ್ಟು ಹಿಡಿದೆ. ಅವರು ನನ್ನನ್ನು ನೋಡಿ, ಕೆಲಸ ಮುಗಿಸಿದವರ ಸಮಾಧಾನದಲ್ಲಿ ಹೇಳಿದರು.

"ಎಲೆ ಹಾಕಿ ಆಯ್ತು. ಬಡಿಸ್ಲಿಕ್ಕೆ ಹೇಳು."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಮನೆಯಲ್ಲಿ, ಸೊಸೈಟಿಯಲ್ಲಿ, ಗಿರಾಕಿಗಳ ಹತ್ತಿರ ಅದು ಕೆಟ್ಟ ಹೆಸರು ತಂದದ್ದೇ ಹೆಚ್ಚು. ಸಿಟ್ಟು ನೆತ್ತಿಗೇರಿತು, ಸುಳ್ಳು ಹೇಳುವುದಿಲ್ಲ. ಆ ಕೈಯನ್ನು ಹೊಡೆದುಬಿಡಬೇಕು ಅನ್ನಿಸಿತು. ಆದರೆ ಅವರ ಮುಖ ನೋಡಿದೆ. ಹೋಟೆಲ್ ಬಿಟ್ಟ ಮೇಲೆ ಅಷ್ಟು ನೆಮ್ಮದಿಯ ಮುಖವನ್ನು ನಾನು ಕಂಡಿರಲಿಲ್ಲ. ಹೇಳುತ್ತೇನೆ, ನೀವು ಕೂತುಕೊಳ್ಳಿ ಎಂದೆ. ನನ್ನ ಸೆರಗಿನಲ್ಲಿ ಅವರ ಕೈ ಒರೆಸಿದೆ. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತೆ.

ಮೇಲ್ವಿಚಾರಕಿ ಓಡಿ ಬಂದಳು. ಮರಾಠಿಯವಳು, ಒಳ್ಳೆಯವಳು. ಗಿಡ ನೋಡಿ, ನನ್ನ ನೋಡಿ, ಮೆಲ್ಲಗೆ, "ಕಾಕು, ಮಾಗೆ ಘ್ಯಾಯ್ಚ ಕಾ?" ಎಂದಳು. ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು. ಎಲ್ಲರೂ ಹಾಗೇ ಮಾಡುತ್ತಾರೆ. ಹಾಳಾದ ಗಿಡ ಮೇಜಿನ ಮೇಲಿದ್ದರೆ ಬೆಳೆಸಿದವರಿಗೆ ಅವಮಾನ. ನಾನು ಮುರಿದ ಎಲೆಗಳನ್ನು ಕತ್ತರಿಸಿ, ಉಳಿದ ಹೂಗಳನ್ನು ನಡುವಿಗೆ ತಂದು, ಅವರ ಹೆಸರಿನ ಚೀಟಿಯನ್ನು ಗಿಡದ ಮುಂದೆ ಇಟ್ಟೆ. ಇರಲಿ ಎಂದೆ. ಅವರು ಬೆಳೆಸಿದ್ದನ್ನು ನಾನು ಡಬ್ಬಿಯಲ್ಲಿ ಮುಚ್ಚಿಡಲಾರೆ. ಕಲ್ಯಾಣದವರು ನನ್ನ ಹೆಗಲ ಮೇಲೆ ಕೈಯಿಟ್ಟರು.

ತೀರ್ಪುಗಾರರು ನೋಡುವಾಗ ನಾವೆಲ್ಲ ಹೊರಗಿರಬೇಕು. ಹೊರಗೆ ಬೆಂಚಿನ ಮೇಲೆ ಕೂತು ಅವರು, ಇನ್ನೂ ಯಾಕೆ ಸಾಂಬಾರ್ ಬರಲಿಲ್ಲ, ಅಡುಗೆಯವರು ನಿದ್ದೆ ಮಾಡ್ತಾರಾ ಎಂದು ಎರಡು ಮೂರು ಸಲ ಕೇಳಿದರು. ಬಾಗಿಲು ತೆಗೆದರು. ಮೊದಲ ಬಹುಮಾನ ಕಲ್ಯಾಣದವರಿಗೆ. ನಮ್ಮ ಗಿಡದ ಪಕ್ಕ ರಿಬ್ಬನ್ ಇರಲಿಲ್ಲ, ತೀರ್ಪುಗಾರ್ತಿಯೊಬ್ಬರ ಚೀಟಿ ಇತ್ತು. ಹೂವಿನ ಅಂಚು ಅಪರೂಪದ್ದು, ಗಿಡದ ಬೆಳವಣಿಗೆ ಉತ್ತಮವಾಗಿತ್ತು ಎಂದು ಕಾಣುತ್ತದೆ, ಆದರೆ ಎಲೆಗಳನ್ನು ಒದ್ದೆ ಕೈಯಿಂದ ಒರೆಸಲಾಗಿದೆ, ವಯೊಲೆಟ್ ಎಲೆಗೆ ನೀರು ತಾಗಿಸಬಾರದೆಂದು ಬೆಳೆಸುವವರು ತಿಳಿದುಕೊಳ್ಳಬೇಕು ಎಂದಿತ್ತು. ತಿಳಿದಿತ್ತು ತಾಯಿ, ಅವರಿಗೆ ನಿಮಗಿಂತ ಚೆನ್ನಾಗಿ ತಿಳಿದಿತ್ತು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಚೀಟಿಯನ್ನು ಪರ್ಸಿಗೆ ಹಾಕಿದೆ.

ಸಂಜೆಗೆ ಹೊರಟೆವು. ಡ್ರೈವರು ಪ್ರೈಜ್ ಏನಾಯ್ತೆಂದು ಕೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಗಾಡಿ ಶುರು ಮಾಡಿದ. ಮಹಾಪೆ ದಾಟುವಾಗ ಇಳಿಬಿಸಿಲು ಡಬ್ಬಿಯ ಮೇಲೆ ಬಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಎಲೆ ಮುಟ್ಟಲಿಲ್ಲ. ಕುಂಡವನ್ನು ಮಾತ್ರ ಹಿಡಿದು ಕಾಲು ಸುತ್ತು ತಿರುಗಿಸಿದರು, ಮತ್ತೆ ಕಾಲು ಸುತ್ತು. ಅದು ಹೋಟೆಲಿನವರ ಕಣ್ಣಾಗಿರಲಿಲ್ಲ, ರ‍್ಯಾಕಿನ ಮುಂದೆ ನಿಲ್ಲುತ್ತಿದ್ದ ನನ್ನ ಗಂಡನ ಕಣ್ಣು.

"ಯಾರದ್ದು ಈ ಗಿಡ?" ಎಂದರು.

ನಾನು ಬಾಯಿ ತೆರೆದೆ. ನಿಮ್ಮದೇ ಎನ್ನಬೇಕು. ಆಗ ಒರೆಸಿದ್ದು ಯಾರು ಎಂದೂ ಕೇಳುತ್ತಾರೆ. "ಅಲ್ಲಿಗೆ ಬಂದಿದ್ದರಲ್ಲ, ಅವರಲ್ಲಿ ಒಬ್ಬರದ್ದು" ಎಂದೆ.

"ಫಸ್ಟ್ ಪ್ರೈಜಿನ ಗಿಡ ಇದು. ಯಾರೋ ನೀರು ಹಾಕಿ ಒರೆಸಿದ್ದಾರೆ, ನೋಡು. ತಲೆ ಉಂಟಾ ಅವರಿಗೆ? ಪಾಪ, ಬೆಳೆಸಿದವರಿಗೆ ಎಷ್ಟು ಬೇಜಾರಾಗಿರಬಹುದು."

"ತುಂಬ ಬೇಜಾರಾಗಿದೆ ಅವರಿಗೆ" ಎಂದೆ.

ಅವರು ಉಳಿದ ಹೂಗಳ ಅಂಚನ್ನು ನೋಡುತ್ತಿದ್ದರು. ಏನು ಹೆಸರು ಇದಕ್ಕೆ ಎಂದು ಕೇಳಿದರು. ಇನ್ನೂ ಇಟ್ಟಿಲ್ಲ ಎಂದೆ. ಇಂಥ ಗಿಡಕ್ಕೆ ಹೆಸರಿಡದೆ ಬಿಡಬಾರದು, ಅವರಿಗೆ ಇಡಲಿಕ್ಕೆ ಹೇಳು ಎಂದರು. ಅವರ ಕೈ ಹಿಡಿದುಕೊಂಡೆ.

"ನೀವೇ ಒಂದು ಹೆಸರು ಹೇಳಿ ಮಾರಾಯ್ರೆ. ಮನಸ್ಸಿನಲ್ಲಿ ಒಂದು ಉಂಟಲ್ಲ ನಿಮಗೆ."

ಅವರು ನನ್ನನ್ನು, ಏನೂ ತಿಳಿಯದ ಹುಡುಗಿಯನ್ನು ನೋಡುವ ಹಾಗೆ ನೋಡಿ ನಕ್ಕರು.

"ಬೇರೆಯವರ ಗಿಡಕ್ಕೆ ನಾನು ಹೆಸರಿಡುವುದಾ?"

ಆಮೇಲೆ ಮೆಲ್ಲಗೆ ಡಬ್ಬಿಯ ಮುಚ್ಚಳ ಹಾಕಿದರು. ಹೊಂಡ ಬಂದಾಗ ಅಲುಗಾಡಬಾರದೆಂದು, ಡೊಂಬಿವಲಿ ಬರುವವರೆಗೂ ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಕೂತಿದ್ದರು.